ನಕ್ಷೆಗಿಂತ ಮೊದಲು ವೇಳಾಪಟ್ಟಿ ಬರೆಯಲಿ

ಸಂಪಾದಕರಿಗೆ,

ಮಾನ್ಯರೇ,

ದೊಡ್ಡ ಸರ್ಕಾರಿ ಹೈಸ್ಕೂಲೊಂದು ಮಕ್ಕಳಿಂದ ತುಂಬಿ ತುಳುಕಿದಾಗ ಅದನ್ನು ಎರಡು ಮೂರು ಕ್ಯಾಂಪಸ್‌ಗಳಿಗೆ ಹಂಚೋಣ ಎಂಬ ಸಲಹೆ ಬಂದೇ ಬರುತ್ತದೆ. ಬಂದ ಕೂಡಲೇ ಚರ್ಚೆ ಜಾಗ, ಕೊಠಡಿ, ಕಾಂಪೌಂಡು, ಬಸ್ಸುಗಳ ಸುತ್ತ ತಿರುಗತೊಡಗುತ್ತದೆ. ಶಾಲೆಯ ವೇಳಾಪಟ್ಟಿ ಬರೆಯುವವರನ್ನು ಆ ಸಭೆಗೆ ಕರೆಯುವುದು ಅಪರೂಪ. ಕರೆದರೂ ಅಷ್ಟರಲ್ಲಿ ಕಟ್ಟಡದ ಬಣ್ಣವೂ ನಿರ್ಧಾರವಾಗಿರುತ್ತದೆ. ಆದರೆ ಎರಡು ಕಡೆ ನಡೆಯುವ ಶಾಲೆ ಸಾಮಾನ್ಯವಾಗಿ ಎಡವುವುದು ಮೂರನೇ ಪೀರಿಯಡ್‌ನಲ್ಲಿ: ಇಲ್ಲಿ ಪಾಠ ಮುಗಿಸಿ ಹೊರಟ ಶಿಕ್ಷಕಿ ಅಲ್ಲಿಗೆ ಇನ್ನೂ ತಲುಪಿಲ್ಲ, ಅಲ್ಲಿ ನಲವತ್ತು ಮಕ್ಕಳು ಕಾಯುತ್ತಿದ್ದಾರೆ. ಆದ್ದರಿಂದ ನಮ್ಮ ಬೇಡಿಕೆ ಒಂದೇ. ಎರಡೂ ಕ್ಯಾಂಪಸ್‌ಗಳ ಪೂರ್ತಿ ವೇಳಾಪಟ್ಟಿ, ಶಿಕ್ಷಕರ ಹೆಸರು ಸಮೇತ, ಕಾಗದದ ಮೇಲೆ ಬರುವವರೆಗೆ ಯಾರೂ ಕಟ್ಟಡದ ನಕ್ಷೆಗೆ ಸಹಿ ಹಾಕಬಾರದು.

ಯಾಕೆಂದು ಲೆಕ್ಕದಲ್ಲೇ ತೋರಿಸಬಹುದು. 9ರಿಂದ 12ನೇ ತರಗತಿಯವರೆಗೆ 2400 ಮಕ್ಕಳಿರುವ ಶಾಲೆ ಎಂದುಕೊಳ್ಳಿ. ಸೆಕ್ಷನ್‌ಗೆ 40 ಮಕ್ಕಳಂತೆ 60 ಸೆಕ್ಷನ್. ವಾರಕ್ಕೆ ಐದು ದಿನ, ದಿನಕ್ಕೆ ಎಂಟರಂತೆ 40 ಪೀರಿಯಡ್. ಒಬ್ಬ ಶಿಕ್ಷಕರ ಪಾಲಿಗೆ 28 ಪೀರಿಯಡ್ ಪಾಠ. ಒಟ್ಟು 2400 ಪೀರಿಯಡ್‌ಗಳನ್ನು 28ರಿಂದ ಭಾಗಿಸಿದರೆ 86 ಶಿಕ್ಷಕರು ಬೇಕು. ಗಣಿತಕ್ಕೆ ಸೆಕ್ಷನ್‌ಗೆ ಆರು ಪೀರಿಯಡ್ ಎಂದರೆ 360. ಹದಿಮೂರು ಜನ ಸಾಕು. ಇದೇ ಶಾಲೆಯನ್ನು ಸರಿಯಾಗಿ ಎರಡು ಪಾಲು ಮಾಡಿದರೆ ಪ್ರತಿ ಕಡೆ 180 ಪೀರಿಯಡ್, ಅಂದರೆ ಆರೂಕಾಲು ಜನಕ್ಕಿಂತ ಸ್ವಲ್ಪ ಹೆಚ್ಚು. ಏಳು ಮತ್ತು ಏಳು, ಹದಿನಾಲ್ಕಾಯಿತು. ಗಣಿತದಲ್ಲಿ ಈ ಒಂದು ಹುದ್ದೆಯ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಸಣ್ಣ ವಿಷಯಗಳಲ್ಲಿ ಬೀಳುತ್ತದೆ. ಒಂದು ಐಚ್ಛಿಕ ಭಾಷೆಗೆ ಇಡೀ ಶಾಲೆಯಲ್ಲಿ ವಾರಕ್ಕೆ 84 ಪೀರಿಯಡ್ ಇದ್ದರೆ ಮೂವರಿಗೆ ಸರಿಹೋಗುತ್ತದೆ. ಹಂಚಿದರೆ 42 ಇಲ್ಲಿ, 42 ಅಲ್ಲಿ: ಪ್ರತಿ ಕಡೆ ಒಂದೂವರೆ ಶಿಕ್ಷಕರು. ಅರ್ಧ ಶಿಕ್ಷಕರನ್ನು ನೇಮಿಸಲು ಬರುವುದಿಲ್ಲವಾದ್ದರಿಂದ ನಾಲ್ಕನೆಯವರು ಬೇಕು, ಇಲ್ಲವೇ ಮೂರನೆಯವರು ಎರಡೂ ಕಡೆ ಓಡಾಡಬೇಕು.

ಈ ಅರ್ಧದ ಬಾಧೆ ಎಲ್ಲ ವಿಷಯಗಳಿಗೂ ಇದೆ. ಸರಾಸರಿ ತೆಗೆದರೆ ಹೊಸ ಕ್ಯಾಂಪಸ್ ಒಂದೊಂದಕ್ಕೂ ಪ್ರತಿ ವಿಷಯದಲ್ಲಿ ಅರ್ಧ ಹುದ್ದೆ ಹೆಚ್ಚಾಗುತ್ತದೆ. ಹನ್ನೆರಡು ವಿಷಯಗಳಿದ್ದರೆ ಆರು ಹುದ್ದೆ. ಒಂದೇ ಒಂದು ಮಗುವೂ ಹೊಸದಾಗಿ ಸೇರಿಲ್ಲ, ಆದರೂ ಆರು ಜನ ಹೆಚ್ಚು ಬೇಕು. ಯೋಜನೆಯ ಕಾಗದದಲ್ಲಿ ‘ಹಾಲಿ ಸಿಬ್ಬಂದಿಯಲ್ಲೇ ನಿರ್ವಹಿಸಲಾಗುವುದು’ ಎಂಬ ವಾಕ್ಯ ಕಂಡರೆ ಆ ಆರು ಜನರ ಕೆಲಸವನ್ನು ಉಳಿದವರ ಓಡಾಟದಿಂದ ತುಂಬಿಸುತ್ತಾರೆ ಎಂದೇ ಓದಿಕೊಳ್ಳಬೇಕು.

ಓಡಾಟದ ಲೆಕ್ಕವನ್ನೂ ಯಾರೂ ನೆಟ್ಟಗೆ ಹಾಕುವುದಿಲ್ಲ. ‘ಎರಡೇ ಕಿಲೋಮೀಟರ್, ಎಂಟು ನಿಮಿಷದ ದಾರಿ’ ಎನ್ನುತ್ತಾರೆ. ಗಾಡಿ ಓಡುವುದು ಎಂಟು ನಿಮಿಷ ನಿಜ. ಪಾಠ ಮುಗಿಸಿ, ಬೋರ್ಡ್ ಒರೆಸಿ, ಕೊನೆಗೆ ಡೌಟು ಕೇಳಲು ಬಂದ ಇಬ್ಬರನ್ನು ಸಾಗಹಾಕಲು ಮೂರು ನಿಮಿಷ, ಗೇಟಿನವರೆಗೆ ನಾಲ್ಕು, ಆ ಕಡೆ ಗೇಟಿನಿಂದ ಕ್ಲಾಸಿಗೆ ನಾಲ್ಕು, ಪ್ರೊಜೆಕ್ಟರ್ ಜೋಡಿಸಿ ಹಾಜರಿ ಪುಸ್ತಕ ತೆರೆಯಲು ಮೂರು. ಬಾಗಿಲಿನಿಂದ ಬಾಗಿಲಿಗೆ 22 ನಿಮಿಷ. ಪೀರಿಯಡ್ 40 ನಿಮಿಷದ್ದಾದರೆ ಒಂದು ಪೀರಿಯಡ್ ಹೋದಂತೆಯೇ. ದಿನಕ್ಕೊಮ್ಮೆ ಹೀಗೆ ಓಡಾಡುವ ಐವರು ಶಿಕ್ಷಕರಿದ್ದರೆ ವಾರಕ್ಕೆ 25 ಪೀರಿಯಡ್ ರಸ್ತೆಯಲ್ಲೇ ಕಳೆಯುತ್ತವೆ, ಹೆಚ್ಚುಕಡಿಮೆ ಒಂದು ಪೂರ್ತಿ ಹುದ್ದೆ. ಓಡಾಟವನ್ನು ಊಟದ ವಿರಾಮಕ್ಕೆ ಹಾಕಿ ‘ನಷ್ಟವಿಲ್ಲ’ ಎಂದು ತೋರಿಸುವ ಜಾಣತನವೂ ಉಂಟು. ಊಟ ಬಿಟ್ಟು ಓಡಿದವರು ಎರಡನೇ ತಿಂಗಳಿಗೆ ವರ್ಗಾವಣೆಯ ಅರ್ಜಿ ಬರೆಯುತ್ತಾರೆ.

ಎರಡೂ ಕಡೆ ಗಂಟೆಯನ್ನು ಹೆಚ್ಚುಕಡಿಮೆ ಮಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಅರ್ಧ ಮಾತ್ರ ಆಗುತ್ತದೆ. ಮೊದಲ ಕ್ಯಾಂಪಸ್ 8.30ಕ್ಕೆ, ಎರಡನೆಯದು 8.55ಕ್ಕೆ ಶುರುವಾಗಲಿ. ಮೊದಲ ಕಡೆ ಒಂದನೇ ಪೀರಿಯಡ್ 9.10ಕ್ಕೆ ಮುಗಿಯುತ್ತದೆ, ಎರಡನೇ ಕಡೆ ಎರಡನೇ ಪೀರಿಯಡ್ 9.35ಕ್ಕೆ ಶುರು. ನಡುವೆ 25 ನಿಮಿಷ, 22 ನಿಮಿಷದ ಪ್ರಯಾಣಕ್ಕೆ ಸರಿಯಾಗುತ್ತದೆ, ಪೀರಿಯಡ್ ನಷ್ಟವಿಲ್ಲ. ಈಗ ಉಲ್ಟಾ ಹೊರಡಿ. ಎರಡನೇ ಕಡೆ 9.35ಕ್ಕೆ ಬಿಟ್ಟರೆ ಮೊದಲ ಕಡೆ ಮುಂದಿನ ಗಂಟೆ 9.50ಕ್ಕೆ, 15 ನಿಮಿಷದಲ್ಲಿ ತಲುಪಲು ಆಗುವುದಿಲ್ಲ. ಮುಂದಿನದು 10.30ಕ್ಕೆ, ಅಂದರೆ 55 ನಿಮಿಷ ವ್ಯರ್ಥ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಎಂದು ಎಲ್ಲರನ್ನೂ ಒಂದೇ ದಿಕ್ಕಿಗೆ ಓಡಿಸುವುದಾದರೆ ಮಾತ್ರ ಈ ಉಪಾಯಕ್ಕೆ ಅರ್ಥ. ಅದಕ್ಕಿಂತ ಒಳ್ಳೆಯ ದಾರಿ, ದಿನಗಳನ್ನೇ ಹಂಚುವುದು: ಸೋಮವಾರ, ಬುಧವಾರ ಇಲ್ಲಿ, ಉಳಿದ ದಿನ ಅಲ್ಲಿ. ದಿನದ ನಡುವೆ ಯಾರೂ ಗೇಟು ದಾಟಬೇಕಿಲ್ಲ. ಬೆಲೆ ತೆರಬೇಕಾದದ್ದು ಪಾಠದ ಹಂಚಿಕೆಯಲ್ಲಿ. ವಾರಕ್ಕೆ ನಾಲ್ಕು ಪೀರಿಯಡ್ ಇರುವ ವಿಷಯವನ್ನು ಎರಡೇ ದಿನಕ್ಕೆ ಜೋಡಿ ಪೀರಿಯಡ್ ಮಾಡಿ ತುರುಕಬೇಕಾಗುತ್ತದೆ. ಚಿತ್ರಕಲೆಗೆ ಅದು ಚೆನ್ನ, ಹೊಸ ಭಾಷೆ ಕಲಿಯುವವರಿಗೆ ಕೆಟ್ಟದ್ದು.

ಶಿಕ್ಷಕರ ಬದಲು ಮಕ್ಕಳನ್ನೇ ಸಾಗಿಸೋಣ ಎಂಬ ಆಲೋಚನೆಯನ್ನು ಮೊದಲ ದಿನವೇ ಕೈಬಿಡುವುದು ಲೇಸು. ಒಂದು ಸೆಕ್ಷನ್ ಎಂದರೆ ಒಂದು ಬಸ್ಸು. ಹತ್ತುವಾಗ ತಲೆ ಎಣಿಸಬೇಕು, ಇಳಿದ ಮೇಲೆ ಮತ್ತೆ ಎಣಿಸಬೇಕು, ಜೊತೆಗೆ ಹಿರಿಯರೊಬ್ಬರು ಹೋಗಬೇಕು. ಆರು ಸೆಕ್ಷನ್ ಒಟ್ಟಿಗೆ ಸಾಗಿಸಿದರೆ ಗೇಟಿನ ಮುಂದೆ ಆರು ಬಸ್ಸಿನ ಸಾಲು.

ಇನ್ನು ಯಾವ ರೀತಿ ಹಂಚಬೇಕು? ತರಗತಿವಾರು ಹಂಚುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ: 9, 10 ಒಂದು ಕಡೆ, 11, 12 ಇನ್ನೊಂದು ಕಡೆ. ಅಮೆರಿಕದ ಟೆಕ್ಸಸ್‌ನ ಪ್ಲೇನೊ ಇದನ್ನು ದಶಕಗಳಿಂದ ಮಾಡುತ್ತ ಬಂದಿದೆ. ಅಲ್ಲಿ 9–10ಕ್ಕೆ ಒಂದು ಬಗೆಯ ಶಾಲೆ, 11–12ಕ್ಕೆ ‘ಸೀನಿಯರ್ ಹೈ’. ಹತ್ತಿರದ ಆಲನ್‌ನಲ್ಲಿ 9ನೇ ತರಗತಿಗೆ ಮಾತ್ರ ಬೇರೆ ಕ್ಯಾಂಪಸ್. ಮೇಲಿನ ತರಗತಿಯ ಪ್ರಯೋಗಾಲಯಗಳೆಲ್ಲ ಒಂದೇ ಕಡೆ ಇರುತ್ತವೆ, ಒಂದು ತರಗತಿಯ ಮಕ್ಕಳೆಲ್ಲ ಒಟ್ಟಿಗಿರುವುದರಿಂದ ಐಚ್ಛಿಕ ವಿಷಯಗಳೂ ಉಳಿಯುತ್ತವೆ. 36 ಮಕ್ಕಳು ಆಯ್ದುಕೊಂಡ ವಿಷಯ 18–18 ಆಗಿ ಒಡೆದು, ‘ಸಂಖ್ಯೆ ಸಾಲದು’ ಎಂದು ಎರಡೂ ಕಡೆ ರದ್ದಾಗುವ ಅಪಾಯ ಇಲ್ಲಿ ಇಲ್ಲ. ತೊಡಕು ಇರುವುದು ಬೇರೆಡೆ. ಒಂದು ವರ್ಷ ದಾಖಲಾತಿ ಉಬ್ಬಿದರೆ ಆ ಅಲೆ ಎರಡು ವರ್ಷ ಒಂದು ಕ್ಯಾಂಪಸ್‌ನ ಉಸಿರುಗಟ್ಟಿಸುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕಡೆ ಕೊಠಡಿ ಖಾಲಿ ಬಿದ್ದಿರುತ್ತದೆ. 10ರಲ್ಲಿದ್ದೂ 11ರ ಗಣಿತ ಓದಬಲ್ಲ ಹುಡುಗಿಗೂ, 11ಕ್ಕೆ ಬಂದರೂ ಹಿಂದಿನ ವಿಷಯ ಬಾಕಿ ಉಳಿಸಿಕೊಂಡ ಹುಡುಗನಿಗೂ ಬೇಕಾದ ಕ್ಲಾಸು ರಸ್ತೆಯಾಚೆ ಇರುತ್ತದೆ. ಮಕ್ಕಳ ಪರಿಚಯ ಶಿಕ್ಷಕರಿಗೆ ಆಗುವಷ್ಟರಲ್ಲಿ ಮಕ್ಕಳು ಆ ಕಡೆ ಹೊರಟುಬಿಟ್ಟಿರುತ್ತಾರೆ ಎಂಬುದು ಎಲ್ಲಕ್ಕಿಂತ ದೊಡ್ಡ ನಷ್ಟ ಎಂದು ನಮ್ಮ ಎಣಿಕೆ.

ಪ್ರತಿ ಕ್ಯಾಂಪಸ್‌ನಲ್ಲೂ ನಾಲ್ಕೂ ತರಗತಿ ಇರುವಂತೆ, ಮಕ್ಕಳ ಮನೆ ಇರುವ ಪ್ರದೇಶ ನೋಡಿ ಹಂಚುವುದು ಎರಡನೇ ದಾರಿ. ಅಣ್ಣತಂಗಿಯರು ಒಂದೇ ಕಡೆ, ಶಿಕ್ಷಕರಿಗೆ ನಾಲ್ಕು ವರ್ಷದ ಪರಿಚಯ, ಓಡಾಟ ಬಹಳ ಕಡಿಮೆ. ಆದರೆ ಕೆಲವೇ ವರ್ಷದಲ್ಲಿ ಒಂದು ‘ಒಳ್ಳೆ ಕ್ಯಾಂಪಸ್’ ಮತ್ತೊಂದು ‘ಆ ಕ್ಯಾಂಪಸ್’ ಆಗಿಬಿಡುತ್ತದೆ. ಹೆಚ್ಚು ಸರ್ವಿಸ್ ಆದವರು ತಮಗೆ ಬೇಕಾದ ಕಡೆ ಪೋಸ್ಟಿಂಗ್ ಕೇಳುತ್ತಾರೆ, ಹೊಸಬರೆಲ್ಲ ಇನ್ನೊಂದು ಕಡೆ ಬೀಳುತ್ತಾರೆ. ಇದನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ಪ್ರತಿ ವಿಷಯದಲ್ಲೂ ಅನುಭವಿಗಳು ಮತ್ತು ಹೊಸಬರು ಎರಡೂ ಕಡೆ ಇಂತಿಷ್ಟು ಇರಬೇಕೆಂದು ಮೊದಲ ಆದೇಶದಲ್ಲೇ ಬರೆಯಬೇಕು. ಮೂರನೇ ದಾರಿ, ವಿಜ್ಞಾನಕ್ಕೊಂದು ಕ್ಯಾಂಪಸ್, ಭಾಷೆ-ಸಮಾಜಕ್ಕೊಂದು ಎಂಬುದು. ಪ್ರತಿ ಮಗುವೂ ಪ್ರತಿದಿನ ಪ್ರಯಾಣ ಮಾಡಬೇಕಾದ ಈ ಏರ್ಪಾಡಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಪ್ರಯೋಗಾಲಯದ ವಿಷಯದಲ್ಲಿ ಊಹೆ ನಡೆಯುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ. ವಾರಕ್ಕೆ 40 ಪೀರಿಯಡ್ ಎಂದರೆ 20 ಜೋಡಿ ಪೀರಿಯಡ್. ತೊಳೆಯಲು, ದ್ರಾವಣ ತಯಾರಿಸಲು ನಾಲ್ಕು ಬಿಟ್ಟರೆ ಒಂದು ಲ್ಯಾಬಿನಲ್ಲಿ 16 ನಡೆಯುತ್ತವೆ. ರಸಾಯನಶಾಸ್ತ್ರ ಓದುವ 20 ಸೆಕ್ಷನ್‌ಗಳಿಗೆ ಎರಡೆರಡು ಬ್ಯಾಚಿನಂತೆ 40 ಜೋಡಿ ಪೀರಿಯಡ್ ಬೇಕು. ಒಂದೇ ಕಡೆ ಇದ್ದಾಗ ಮೂರು ಲ್ಯಾಬು. ಎರಡು ಕ್ಯಾಂಪಸ್‌ಗೆ ಸಮನಾಗಿ ಹಂಚಿದರೆ ತಲಾ 20, ಒಂದು ಲ್ಯಾಬು ಸಾಲದು, ತಲಾ ಎರಡರಂತೆ ನಾಲ್ಕು. ಮೂರು ಕ್ಯಾಂಪಸ್‌ಗೆ ಹಂಚಿದರೆ 7, 7, 6 ಸೆಕ್ಷನ್. ಹೆಚ್ಚೆಂದರೆ 14 ಜೋಡಿ ಪೀರಿಯಡ್, ತಲಾ ಒಂದೇ ಲ್ಯಾಬು ಸಾಕು, ಒಟ್ಟು ಮತ್ತೆ ಮೂರು. ಎರಡಕ್ಕಿಂತ ಮೂರು ಅಗ್ಗವಾಯಿತು! ಸೆಕ್ಷನ್ ಸಂಖ್ಯೆ ಸ್ವಲ್ಪ ಬದಲಾದರೂ ಫಲಿತಾಂಶ ತಿರುಗಿಬಿಡುತ್ತದೆ. ಇಂಥ ಲೆಕ್ಕ ಹಾಕದೆ ‘ಪ್ರತಿ ಕ್ಯಾಂಪಸ್‌ಗೆ ಎರಡು ಲ್ಯಾಬು’ ಎಂದು ನಕ್ಷೆ ಬರೆದರೆ ಒಂದು ಕಡೆ ಧೂಳು ಹಿಡಿಯುತ್ತದೆ, ಇನ್ನೊಂದು ಕಡೆ ಪ್ರಯೋಗವನ್ನು ಬೋರ್ಡಿನ ಮೇಲೆ ಮಾಡಿ ಮುಗಿಸುತ್ತಾರೆ. ರಾಸಾಯನಿಕಗಳನ್ನು ಗಾಡಿಯಲ್ಲಿಟ್ಟು ಆಚೀಚೆ ಸಾಗಿಸುವ ಮಾತಂತೂ ಬೇಡವೇ ಬೇಡ.

ಗೈರುಹಾಜರಿಯ ಲೆಕ್ಕ ಸಣ್ಣ ಕ್ಯಾಂಪಸ್‌ಗಳಿಗೆ ಮುಳುವಾಗುತ್ತದೆ. 86 ಶಿಕ್ಷಕರಿದ್ದಾಗ ಯಾವುದೇ ಪೀರಿಯಡ್‌ನಲ್ಲಿ ಸರಾಸರಿ 26 ಜನಕ್ಕೆ ಬಿಡುವು. ನಾಲ್ಕೈದು ಜನ ರಜೆ ಹಾಕಿದರೂ ಬದಲಿ ಸಿಗುತ್ತಾರೆ, ಅದೇ ವಿಷಯದವರೇ ಸಿಗುವುದೂ ಉಂಟು. 520 ಮಕ್ಕಳ ಸಣ್ಣ ಕ್ಯಾಂಪಸ್‌ನಲ್ಲಿ 13 ಸೆಕ್ಷನ್, 19 ಶಿಕ್ಷಕರು, ಒಂದು ಹೊತ್ತಿಗೆ ಬಿಡುವಿರುವವರು ಐದಾರು ಜನ. ಜ್ವರದ ಕಾಲದಲ್ಲಿ ನಾಲ್ವರು ಮಲಗಿದರೆ ಉಳಿದವರ ಅರ್ಧಕ್ಕೂ ಹೆಚ್ಚು ಬಿಡುವು ಬದಲಿ ಕ್ಲಾಸಿಗೆ ಹೋಗುತ್ತದೆ. ಬದಲಿಗೆ ಬಂದವರು ಗಣಿತದ ಕ್ಲಾಸಿನಲ್ಲಿ ಇತಿಹಾಸದ ಶಿಕ್ಷಕರು ಎಂಬುದು ಬೇರೆ ಮಾತು.

ಈ ಚರ್ಚೆಗೆ ಅರವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ, ಎರಡೂ ಪಕ್ಷದಲ್ಲಿ ಹುರುಳಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಂಟ್ 1959ರ ವರದಿಯಲ್ಲಿ, ಕೊನೆಯ ತರಗತಿಯಲ್ಲಿ ಕನಿಷ್ಠ ನೂರು ಮಕ್ಕಳಿಲ್ಲದ ಹೈಸ್ಕೂಲು ಎಲ್ಲ ವಿಷಯಗಳನ್ನೂ ಸರಿಯಾಗಿ ಕಲಿಸಲಾರದು ಎಂದು ವಾದಿಸಿದರು. ಐದು ವರ್ಷದ ನಂತರ, 1964ರಲ್ಲಿ, ಕ್ಯಾನ್ಸಸ್‌ನ ಶಾಲೆಗಳನ್ನು ಅಧ್ಯಯನ ಮಾಡಿದ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಅದರ ಇನ್ನೊಂದು ಮುಖ ತೋರಿಸಿದರು: ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳು ಹೆಚ್ಚು, ಆದರೆ ಸಣ್ಣ ಶಾಲೆಯ ಮಗುವಿಗೆ ಜವಾಬ್ದಾರಿಯ ಪಾತ್ರ ಸಿಗುವ ಸಂಭವ ಹೆಚ್ಚು. ನಾಟಕಕ್ಕೆ ಜನ ಸಾಲದಿದ್ದಾಗ ಹಿಂದಿನ ಬೆಂಚಿನವನಿಗೂ ಕರೆ ಬರುತ್ತದೆ. ಕ್ಯಾಂಪಸ್ ಒಡೆಯುವವರು ನಿಜವಾಗಿ ಬಯಸುವುದು ಈ ಲಾಭವನ್ನೇ.

ನ್ಯೂಯಾರ್ಕ್ ನಗರ 2002ರಿಂದ 2008ರ ನಡುವೆ ಫಲಿತಾಂಶ ಕುಸಿದಿದ್ದ ಇಪ್ಪತ್ತಕ್ಕೂ ಹೆಚ್ಚು ದೊಡ್ಡ ಹೈಸ್ಕೂಲುಗಳನ್ನು ಮುಚ್ಚಿ ಇನ್ನೂರಕ್ಕೂ ಹೆಚ್ಚು ಹೊಸ ಶಾಲೆಗಳನ್ನು ತೆರೆಯಿತು. ಅವುಗಳಲ್ಲಿ ತರಗತಿಗೆ ಸುಮಾರು ನೂರು ಮಕ್ಕಳಿದ್ದ ಸಣ್ಣ ಶಾಲೆಗಳಿಗೆ ಲಾಟರಿಯಲ್ಲಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದ ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ, ಸೀಟು ಸಿಕ್ಕವರಲ್ಲಿ ಹೈಸ್ಕೂಲು ಮುಗಿಸಿದವರ ಪ್ರಮಾಣ ಗಮನಾರ್ಹವಾಗಿ ಹೆಚ್ಚಿರುವುದನ್ನು ಕಂಡಿತು. ಇಂಥದ್ದೇ ಸಣ್ಣ ಶಾಲೆಗಳಿಗೆ ದೇಶದುದ್ದಕ್ಕೂ ಹಣ ಸುರಿದ ಬಿಲ್ ಗೇಟ್ಸ್ ಮಾತ್ರ 2009ರ ತಮ್ಮ ವಾರ್ಷಿಕ ಪತ್ರದಲ್ಲಿ, ಹಲವು ಕಡೆ ಮಕ್ಕಳ ಕಲಿಕೆ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ ಎಂದು ಒಪ್ಪಿಕೊಂಡರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ನ್ಯೂಯಾರ್ಕಿನ ಆ ಸಣ್ಣ ಶಾಲೆಗಳಿಗೆ ಸ್ವಂತ ಪ್ರಾಂಶುಪಾಲರು, ಸ್ವಂತ ಶಿಕ್ಷಕರ ತಂಡ ಇದ್ದವು. ಹಲವು ಶಾಲೆಗಳು ಹಳೆಯ ದೊಡ್ಡ ಕಟ್ಟಡವನ್ನೇ ಹಂಚಿಕೊಂಡು ನಡೆದವು. ಮ್ಯಾನ್‌ಹಟನ್‌ನ ಜೂಲಿಯಾ ರಿಚ್‌ಮನ್ ಹೈಸ್ಕೂಲಿನ ಕಟ್ಟಡ 1990ರ ದಶಕದಲ್ಲೇ ಹೀಗೆ ಬದಲಾಗಿತ್ತು. ಅಂದರೆ ಶಾಲೆ ಸಣ್ಣದಾಗಲು ಹೊಸ ನಿವೇಶನ ಬೇಕೇ ಬೇಕು ಎಂದೇನಿಲ್ಲ. ಒಂದೇ ಕಾಂಪೌಂಡಿನಲ್ಲಿ ತಲಾ 600 ಮಕ್ಕಳ ನಾಲ್ಕು ಘಟಕ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಮುಖ್ಯಸ್ಥರನ್ನೂ ಒಂದು ಸ್ಟಾಫ್ ರೂಮನ್ನೂ ಕೊಟ್ಟು, ಲ್ಯಾಬು, ಗ್ರಂಥಾಲಯ, ಮೈದಾನಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಹುದು. ಜಾಗವೇ ಇಲ್ಲದಿದ್ದರೆ ಮಾತು ಬೇರೆ. ‘ಮಕ್ಕಳನ್ನು ಹೆಸರು ಹಿಡಿದು ಗುರುತಿಸುವವರು ಇಲ್ಲ’ ಎಂಬುದು ದೂರಾದರೆ ಮೊದಲು ಇದನ್ನು ಪ್ರಯತ್ನಿಸಬೇಕು.

ಇಂಗ್ಲೆಂಡ್‌ನಲ್ಲಿ ಎರಡು ಕಡೆ ನಡೆಯುವ ಶಾಲೆಗೆ ಹೆಚ್ಚುವರಿ ಅನುದಾನದ ಸೂತ್ರವೇ ಇದೆ. 2024–25ರಿಂದ ಅಲ್ಲಿ ಎರಡು ನಿವೇಶನಗಳ ನಡುವೆ ಸಾರ್ವಜನಿಕ ರಸ್ತೆ ಅಥವಾ ರೈಲು ಮಾರ್ಗ ಇದ್ದರೆ ಮೂಲ ಮೊತ್ತ. 100 ಮೀಟರ್ ದಾಟಿದ ಮೇಲೆ ದೂರಕ್ಕೆ ತಕ್ಕಂತೆ ಇನ್ನಷ್ಟು, 500 ಮೀಟರ್‌ಗೆ ಗರಿಷ್ಠ. ನೂರು ಮೀಟರ್ ದೂರಕ್ಕೂ ಖರ್ಚಿದೆ ಎಂದು ಒಪ್ಪಿಕೊಂಡ ಲೆಕ್ಕ ಅದು. ಎರಡು ಕಿಲೋಮೀಟರ್ ದೂರದ ಕ್ಯಾಂಪಸ್‌ಗೆ ಹೆಚ್ಚುವರಿ ಒಂದು ಪೈಸೆಯನ್ನೂ ತೋರಿಸದ ಯೋಜನೆಯನ್ನು ಇದರ ಪಕ್ಕ ಇಟ್ಟು ನೋಡಬಹುದು.

ಇನ್ನು ಸಣ್ಣವೆನಿಸುವ ಕೆಲವು ಸಂಗತಿಗಳು. ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆ ಎರಡೂ ಕಡೆ ಒಂದೇ ನಿಮಿಷಕ್ಕೆ ಶುರುವಾಗಬೇಕು. ಗಂಟೆಗಳಲ್ಲಿ 25 ನಿಮಿಷದ ಅಂತರ ಇಟ್ಟಿದ್ದರೆ ಪರೀಕ್ಷೆಯ ದಿನಗಳಿಗೆ ಬೇರೆ ವೇಳಾಪಟ್ಟಿ, ಇಲ್ಲವೇ ಎರಡು ಸೆಟ್ ಪತ್ರಿಕೆ. ಬೆಂಕಿ ಅವಘಡವಾದಾಗ ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸಿ ಹೆಸರು ಕೂಗಲು ಆ ಕ್ಯಾಂಪಸ್‌ನಲ್ಲಿ ಆ ಹೊತ್ತಿಗೆ ಇರುವವರ ಪಟ್ಟಿ ಬೇಕು. ಇಡೀ ಶಾಲೆಯ 2400 ಹೆಸರಿನ ಪಟ್ಟಿಯಿಂದ ಯಾರು ಒಳಗೆ ಸಿಕ್ಕಿದ್ದಾರೆಂದು ತಿಳಿಯುವುದಿಲ್ಲ. ಪ್ರಥಮ ಚಿಕಿತ್ಸೆ ಬಲ್ಲವರು ಪ್ರತಿ ಪೀರಿಯಡ್‌ನಲ್ಲೂ ಎರಡೂ ಕಡೆ ಇರುವಂತೆ ವೇಳಾಪಟ್ಟಿಯಲ್ಲೇ ಗುರುತು ಹಾಕಬೇಕು. ‘ಸಿಬ್ಬಂದಿಯಲ್ಲಿ ನಾಲ್ವರು ತರಬೇತಿ ಪಡೆದಿದ್ದಾರೆ’ ಎಂದರೆ ಸಾಲದು, ಆ ನಾಲ್ವರೂ ಮಂಗಳವಾರ ಒಂದೇ ಕಡೆ ಇರಬಹುದು. ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ ಶಿಕ್ಷಕರು ಒಬ್ಬರೇ ಇದ್ದರೆ, ಅವರನ್ನು ದಿನ ಹಂಚಿ ಓಡಿಸುವುದು ಎಂದರೆ ಪ್ರತಿ ಮಗುವಿಗೂ ಅರ್ಧ ವಾರ ನೆರವಿಲ್ಲ ಎಂದೇ ಅರ್ಥ.

ಎರಡನೇ ಕ್ಯಾಂಪಸ್‌ನ ಉಪ ಮುಖ್ಯೋಪಾಧ್ಯಾಯರಿಗೆ ಏನೇನು ಅಧಿಕಾರ ಎಂಬುದೂ ಬರವಣಿಗೆಯಲ್ಲಿರಬೇಕು. ಮಗುವನ್ನು ಮನೆಗೆ ಕಳುಹಿಸುವುದು, ಬದಲಿ ಪೀರಿಯಡ್ ಹಾಕುವುದು, ಒಡೆದ ನಲ್ಲಿ ರಿಪೇರಿ ಮಾಡಿಸುವುದು, ಪೋಷಕರಿಗೆ ಉತ್ತರ ಕೊಡುವುದು, ಇಷ್ಟಕ್ಕೂ ಫೋನು ಮಾಡಿ ಕೇಳಬೇಕಾದರೆ ಆ ಕ್ಯಾಂಪಸ್‌ಗೆ ಮುಖ್ಯಸ್ಥರೇ ಇಲ್ಲದಂತೆ. ಮುಖ್ಯೋಪಾಧ್ಯಾಯರು ಎರಡೂ ಕಡೆ ಕೂರುವ ದಿನಗಳು ನಿಗದಿಯಾಗಿರಲಿ. ಗ್ರಂಥಪಾಲಕರು, ಕ್ಲರ್ಕು, ಕಾವಲುಗಾರರು, ಇವರಾರನ್ನೂ ಅರ್ಧ ಮಾಡಲು ಬಾರದು.

ಹಂತ ಹಂತವಾಗಿ ಸಾಗಿಸುವುದಾದರೆ ಪ್ರತಿ ವರ್ಷ ಒಂದು ತರಗತಿ ಹೊಸ ಕಡೆ ಸೇರುತ್ತದೆ, ಹಳೆಯ ಕಡೆ ಒಂದು ತರಗತಿ ಕಡಿಮೆಯಾಗುತ್ತದೆ. ನ್ಯೂಯಾರ್ಕಿನಲ್ಲಿ ಮುಚ್ಚುತ್ತಿದ್ದ ಶಾಲೆಗಳಲ್ಲಿ ಇದೇ ಕ್ರಮ ನಡೆಯಿತು. ಹೊಸ ಕ್ಯಾಂಪಸ್‌ಗೆ ಇದು ಸುಗಮ. ಹಳೆಯ ಕಟ್ಟಡದಲ್ಲಿ ಉಳಿದ ಕೊನೆಯ ಬ್ಯಾಚಿನ ಗತಿ ಹೇಳತೀರದು: ಶಿಕ್ಷಕರು ಹೊಸ ಕಡೆಗೆ ಹೋಗಿರುತ್ತಾರೆ, ಐಚ್ಛಿಕ ವಿಷಯಗಳು ಒಂದೊಂದಾಗಿ ನಿಂತಿರುತ್ತವೆ, ಫುಟ್‌ಬಾಲ್ ತಂಡಕ್ಕೆ ಹನ್ನೊಂದು ಜನ ಸಿಗುವುದಿಲ್ಲ. ಕೊನೆಯ ಎರಡು ಬ್ಯಾಚುಗಳಿಗೆ ವಿಷಯಗಳನ್ನು ನಿಲ್ಲಿಸುವುದಿಲ್ಲ ಎಂಬ ಭರವಸೆ, ಅದಕ್ಕೆ ಬೇಕಾದ ಹುದ್ದೆಗಳ ಸಮೇತ, ಮೊದಲೇ ಸಿಗಬೇಕು.

ಒಂದು ಇಟ್ಟಿಗೆಯನ್ನೂ ಇಡದೆ ಇದನ್ನೆಲ್ಲ ಪರೀಕ್ಷಿಸುವ ದಾರಿ ಇದೆ. ಈಗಿರುವ ಕಟ್ಟಡವನ್ನೇ ಎರಡು ವಾರಗಳ ಮಟ್ಟಿಗೆ ಎರಡು ಕ್ಯಾಂಪಸ್ ಎಂದುಕೊಳ್ಳಿ. ನಡುವೆ ಹಗ್ಗ ಕಟ್ಟಿ, ಹೊಸ ವೇಳಾಪಟ್ಟಿಯಂತೆಯೇ ನಡೆಸಿ. ಹಗ್ಗ ದಾಟಬೇಕಾದ ಪ್ರತಿ ಶಿಕ್ಷಕರೂ ಒಂದು ಬೆಂಚಿನ ಮೇಲೆ 22 ನಿಮಿಷ ಕೂತು ಆಮೇಲೆ ದಾಟಲಿ. ಬದಲಿ ಪೀರಿಯಡ್‌ಗೆ ಆಚೆಯವರನ್ನು ಕರೆಯುವಂತಿಲ್ಲ, ಲ್ಯಾಬಿನ ಬೀಗದ ಕೈಯನ್ನೂ ಆಚೆಯಿಂದ ತರುವಂತಿಲ್ಲ. ಶಿಕ್ಷಕರಿಲ್ಲದೆ ಕೂತ ಪ್ರತಿ ಸೆಕ್ಷನ್ನನ್ನೂ ದಿನ, ಪೀರಿಯಡ್, ಕಾರಣ ಸಹಿತ ಒಂದು ಪುಸ್ತಕದಲ್ಲಿ ಬರೆಯುತ್ತ ಹೋಗಿ. ಎರಡು ವಾರ ಮುಗಿದ ಮೇಲೆ ಜಾಗ ನೋಡಲು ಹೊರಡುವವರ ಕೈಗೆ ಆ ಪುಸ್ತಕ ಕೊಡಿ.

ಇತಿ,
ಶಾಲಾ ವೇಳಾಪಟ್ಟಿ ಬರೆಯುವ ಶಿಕ್ಷಕರು